ಏಳು ಕಳ್ಳ ಜಾಡಿಗಳು

ಮೊದಲೇ ಹೇಳಿಬಿಡುತ್ತೇನೆ, ನನ್ನ ಬಾಯಿ ದೊಡ್ಡದು. ಕಾರ್ಖಾನೆಯಲ್ಲಿ ಎಲ್ಲರೂ ನನ್ನನ್ನು ಪಟಾಕಿ ಎಂದೇ ಕರೆಯುವುದು. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿದೆ, ಅಲ್ಲೇ ಇರಲಿ. ಮನೆಯಲ್ಲಿ ನಾನು ಉಪ್ಪು ಕೇಳಿದರೆ ಪಕ್ಕದ ಮನೆಯವರು ಉಪ್ಪು ತಂದುಕೊಡುತ್ತಾರೆ ಎಂದು ಅಕ್ಕ ರೇಗಿಸುತ್ತಿದ್ದಳು. ಇಂಥ ಬಾಯಿ ಇಟ್ಟುಕೊಂಡೂ ನಾನು ಒಂದು ದಿನ, ಒಂದೇ ಒಂದು ದಿನ, ಯಾರಿಗೂ ಹೇಳದೆ ಒಂದು ಕೆಲಸ ಮಾಡಿದೆ. ಅಂದಿನಿಂದ ನನ್ನ ಹೊಟ್ಟೆಯೊಳಗೆ ಬಿದ್ದ ಬೆಂಕಿ ಆರಿಲ್ಲ.

ನಮ್ಮದು ಬಟಾಣಿ ಕಾರ್ಖಾನೆ. ಸುಲಿದ ಬಟಾಣಿಯನ್ನು ಉಪ್ಪುನೀರಿನ ಜೊತೆ ಗಾಜಿನ ಜಾಡಿಗೆ ತುಂಬಿ, ತಗಡಿನ ಮುಚ್ಚಳ ಬಿಗಿದು, ಆಳೆತ್ತರದ ಆವಿ ಪೆಟ್ಟಿಗೆಗಳಲ್ಲಿ ಬೇಯಿಸುತ್ತೇವೆ. ಬೆಂದ ಜಾಡಿ ಆರುವಾಗ ಒಳಗಿನದು ಕುಗ್ಗಿ ಮುಚ್ಚಳವನ್ನು ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ಹಾಗೆ ಎಳೆದುಕೊಂಡ ಜಾಡಿ ಎರಡು ವರ್ಷ ಇಟ್ಟರೂ ಕೆಡುವುದಿಲ್ಲ. ಎಲ್ಲೋ ಕೂದಲೆಳೆಯಷ್ಟು ಸಂದಿ ಉಳಿದು ಗಾಳಿ ಹೊಕ್ಕಿತೋ, ಒಳಗಿನ ಬಟಾಣಿ ಹಸಿರಾಗಿಯೇ ಕಾಣುತ್ತಾ ವಿಷವಾಗುತ್ತದೆ. ಕಣ್ಣಿಗೆ ಅದು ಸುಲಭಕ್ಕೆ ಸಿಗುವುದಿಲ್ಲ, ಬಡಿದೇ ನೋಡಬೇಕು. ಅದಕ್ಕೆ ಮೊಳದುದ್ದದ ಒಂದು ಕಡ್ಡಿ ಇದೆ, ತುದಿಯಲ್ಲಿ ಗೋಲಿಯಷ್ಟು ಉಕ್ಕಿನ ಗುಂಡು. ಮುಚ್ಚಳದ ನಡುಮಧ್ಯಕ್ಕೆ ತಟ್ಟಿದರೆ ಒಳ್ಳೆಯ ಜಾಡಿ ಟಿಣ್ ಎನ್ನುತ್ತದೆ, ಗಾಳಿ ಹೊಕ್ಕಿದ್ದು ಡುಬ್ ಎನ್ನುತ್ತದೆ. ಡುಬ್ ಎನ್ನುವುದನ್ನು ನಾವು ಕಳ್ಳ ಜಾಡಿ ಎನ್ನುತ್ತೇವೆ.

ಅಕ್ಕ ಇಪ್ಪತ್ತೇಳು ವರ್ಷ ಆ ಕಡ್ಡಿ ಹಿಡಿದವಳು. ಅಮ್ಮ ಹೋದಾಗ ನನಗೆ ಏಳು ವರ್ಷ, ಅವಳಿಗೆ ಇಪ್ಪತ್ತೊಂದು. ನನ್ನ ತಲೆ ಬಾಚಿದವಳು, ನನಗೆ ಜ್ವರ ಬಂದಾಗ ಎದ್ದು ಕೂತವಳು, ನನಗೊಂದು ನೆಲೆಯಾಗಲಿ ಎಂದು ತನ್ನ ಮದುವೆಯ ಮಾತನ್ನೇ ಎತ್ತದವಳು ಅವಳು. ನನ್ನ ಮದುವೆಯನ್ನೇನೋ ಮಾಡಿದಳು. ಅವನು ಮೂರು ವರ್ಷಕ್ಕೆ ಬಿಟ್ಟುಹೋದ, ನಾನು ಪೆಟ್ಟಿಗೆ ಸಮೇತ ಅಕ್ಕನ ಮನೆಗೇ ವಾಪಸು ಬಂದೆ. ಅವಳು ಮರುದಿನವೇ ಕಾರ್ಖಾನೆಗೆ ಕರೆದುಕೊಂಡು ಹೋಗಿ ಕೈಗೆ ಕಡ್ಡಿ ಕೊಟ್ಟಳು.

ಕಲಿಸಿದ ಬಗೆಯೂ ಅವಳದೇ. ನಿಜವಾದ ಕಳ್ಳ ಜಾಡಿ ಬರಲಿ ಎಂದು ಕಾದು ಕೂತರೆ ಕಲಿಯುವುದು ಯಾವಾಗ? ಅದಕ್ಕೆ ಅವಳೇ ಕಳ್ಳ ಜಾಡಿ ಮಾಡಿಕೊಡುತ್ತಿದ್ದಳು. ಚಮಚದ ಹಿಡಿಯನ್ನು ಮುಚ್ಚಳದ ಅಂಚಿಗೆ ಕೊಟ್ಟು ಇಷ್ಟೇ ಇಷ್ಟು ಮೀಟುವುದು. ಪುಸ್ ಎಂದ ತಕ್ಷಣ ಒತ್ತಿ ಬಿಗಿ ಮಾಡುವುದು. ಕೈ ಹದವಾಗಿದ್ದರೆ ಗುರುತೇ ಉಳಿಯುವುದಿಲ್ಲ, ಸ್ವಲ್ಪ ಜಾರಿದರೆ ಅಂಚಿನಲ್ಲಿ ಅಕ್ಕಿಕಾಳಿನಷ್ಟು ತಗ್ಗು ಬೀಳುತ್ತದೆ. ಹತ್ತು ಒಳ್ಳೆಯವುಗಳ ನಡುವೆ ಅಂಥ ಒಂದನ್ನಿಟ್ಟು, "ಹುಡುಕೇ ನೋಡೋಣ, ಬಾಯಿಬಡುಕಿ" ಎನ್ನುತ್ತಿದ್ದಳು. ಹುಡುಕಿಯಾದ ಮೇಲೆ ಆ ಜಾಡಿಯನ್ನು ತಾನೇ ಒಡೆದು ಮೋರಿಗೆ ಸುರಿದು ಬರುತ್ತಿದ್ದಳು. ಬಿಗಿದ ಮುಚ್ಚಳ ಮುಟ್ಟಿದವರನ್ನು ಆ ದಿನವೇ ಮನೆಗೆ ಕಳಿಸುವ ಕಾನೂನು ನಮ್ಮಲ್ಲಿ. ಹಾಗಾಗಿ ಈ ವಿದ್ಯೆ ನಮ್ಮಿಬ್ಬರನ್ನು ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ.

ಬೆಲ್ಟಿನ ಪಕ್ಕ ನಾನು ಮೊದಲು, ಅಕ್ಕ ನನ್ನ ನಂತರ. ನಾನು ತಟ್ಟಿ ಬಿಟ್ಟದ್ದನ್ನು ಅವಳು ಮತ್ತೊಮ್ಮೆ ತಟ್ಟಬೇಕು. ಅವಳನ್ನು ದಾಟಿದರೆ ಲೇಬಲ್ಲು, ಪೆಟ್ಟಿಗೆ, ಲಾರಿ. ಮೊದಮೊದಲು ದಿನಕ್ಕೆ ಎರಡಾದರೂ ನಾನು ಬಿಟ್ಟದ್ದನ್ನು ಅವಳು ಹಿಡಿದು, ಕಡ್ಡಿಯಿಂದಲೇ ನನ್ನ ಮಂಡಿಗೆ ಒಂದು ಕೊಡುತ್ತಿದ್ದಳು. ಬರಬರುತ್ತಾ ಅದು ಕಡಿಮೆಯಾಯಿತು. ಈಚಿನ ಎರಡು ವರ್ಷಗಳಲ್ಲಂತೂ ಅವಳು ಒಂದನ್ನೂ ಹಿಡಿದಿರಲಿಲ್ಲ. ಕೊನೆಗೂ ನನ್ನ ಕಿವಿ ಅಕ್ಕನ ಕಿವಿಯಷ್ಟಾಯಿತಲ್ಲ ಎಂದು ನಾನು ಉಬ್ಬಿ ಹೋಗಿದ್ದೆ. ಲೇಬಲ್ ಅಂಟಿಸುವ ಚಿಕ್ಕಮ್ಮನ ಮುಂದೆ ಕೊಚ್ಚಿಕೊಂಡೂ ಇದ್ದೆ. ಆಕೆ ನಮ್ಮ ಪಕ್ಕದ ಮನೆಯವಳೇ. "ಆಯ್ತಮ್ಮ ಮಹಾರಾಣಿ, ನಿನ್ನ ಕಿವಿಗೊಂದು ಕಿರೀಟ ಮಾಡಿಸೋಣ, ಈಗ ಜಾಡಿ ತಳ್ಳು" ಎಂದಿದ್ದಳು.

ಆಮೇಲೆ ಬಟಾಣಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಊರು ಬೆಳೆದಿತ್ತು. ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವ ಮನೆಗಳು ಹೆಚ್ಚಿದವು, ಶಾಲೆಗಳು ಊಟ ಹಾಕತೊಡಗಿದವು, ಆಸ್ಪತ್ರೆಗಳು ಕೇಳಿದವು. ಮೊದಲು ಕಾಯಿ ಸುಲಿಯುವ ಯಂತ್ರ ಬಂತು. ಅರವತ್ತು ಜನ ದಿನವಿಡೀ ಸುಲಿಯುತ್ತಿದ್ದುದನ್ನು ಅದು ಊಟದ ಹೊತ್ತಿಗೆ ಮುಗಿಸಿತು. ಸುಳ್ಳೇಕೆ ಹೇಳಲಿ, ಉಗುರು ಸಂದಿ ಬಿರಿದುಕೊಂಡು ಅಳುತ್ತಿದ್ದ ಹೆಂಗಸರು ಅದಕ್ಕೆ ಕೈಮುಗಿದರು. ಆಮೇಲೆ ತುಂಬುವ ಯಂತ್ರ ಬಂತು, ಮುಚ್ಚಳ ಬಿಗಿಯುವುದು ಬಂತು. ಅವುಗಳ ಗದ್ದಲಕ್ಕೆ ಕಿವಿಯ ತಮಟೆ ಹರಿಯಬೇಕು. ಜಾಡಿಗಳು ಹೊಳೆಯಂತೆ ಹರಿದು ಬಂದು ನಮ್ಮಿಬ್ಬರ ಮುಂದೆ ಕಟ್ಟೆ ಕಟ್ಟಿದಂತೆ ನಿಲ್ಲುತ್ತಿದ್ದವು. ಇಬ್ಬರು ಹೆಂಗಸರು ಎಷ್ಟು ತಟ್ಟಿಯಾರು? ಹೊರಗೆ ಲಾರಿಗಳು ಕಾಯುತ್ತಿದ್ದವು, ಒಳಗೆ ಎಲ್ಲರ ಕಣ್ಣೂ ನಮ್ಮ ಕೈ ಮೇಲೆ.

ಯಜಮಾನರು ಕೆಟ್ಟವರಲ್ಲ. ಒಂದು ದಿನ ನಮ್ಮ ಬೆಂಚಿನ ಹತ್ತಿರ ಬಂದು, ಗದ್ದಲಕ್ಕೆ ಬಗ್ಗಿ, ನನ್ನ ಕಿವಿಯಲ್ಲಿ ಹೇಳಿದರು. "ಪಟಾಕಿ, ತಟ್ಟೋಕೂ ಒಂದು ಮೆಷಿನ್ ಬರ್ತಿದೆ. ಬೇಡ ಅನ್ನೋಕೆ ಆಗ್ತಿಲ್ಲಮ್ಮ. ಅರ್ಧ ಊರಿಗೆ ಇಲ್ಲ ಅಂತ ಹೇಳಿ ಕಳಿಸ್ತಿದೀನಿ."

"ಇಪ್ಪತ್ತೇಳು ವರ್ಷ ಕಿವಿ ಕೊಟ್ಟೋಳಿಗೆ ಇದೇನಾ ಮರ್ಯಾದೆ?" ಎಂದೆ ನಾನು. ಯಜಮಾನರು ಅಕ್ಕನ ಕಡೆ ನೋಡಿದರು. ಅಕ್ಕ ನಮ್ಮಿಬ್ಬರ ಮುಖವನ್ನೂ ನೋಡಿ ನಕ್ಕು, ಜಾಡಿ ತಟ್ಟಲು ಹೋದಳು.

ಯಂತ್ರ ಬಂತು. ನೋಡಿದರೆ ಏನೂ ಇಲ್ಲ, ಬೆಲ್ಟಿನ ಮೇಲೆ ಕಮಾನು ಹಾಕಿದಂತೆ ನಿಂತ ಒಂದು ಬೂದು ಪೆಟ್ಟಿಗೆ. ಮುಚ್ಚಳದ ಹೊಟ್ಟೆ ಎಷ್ಟು ಒಳಗೆ ಹೋಗಿದೆ ಎಂದು ಅಳೆಯುತ್ತದಂತೆ. ಸಾಲದಿದ್ದರೆ ಪಕ್ಕದಿಂದ ಒಂದು ಕೈ ಬಂದು ಜಾಡಿಯನ್ನು ಆಚೆ ತಳ್ಳುತ್ತದಂತೆ, ನಿಮಿಷಕ್ಕೆ ಇನ್ನೂರರ ಲೆಕ್ಕದಲ್ಲಿ. ಅದನ್ನು ಕೂರಿಸಲು ಬಂದ ಎಂಜಿನಿಯರು ತುಟಿಯ ನಡುವೆ ಯಾವಾಗಲೂ ಒಂದು ತಿರುಪು ಕಚ್ಚಿಕೊಂಡಿರುತ್ತಿದ್ದ. ಲೇಬಲ್ ಚಿಕ್ಕಮ್ಮ ಮೊದಲ ದಿನವೇ ಅವನಿಗೆ ತಿರುಪು ಸಾರ್ ಎಂದು ಹೆಸರಿಟ್ಟಳು. "ಒಂದು ದಿನ ನುಂಗ್ತಾನೆ ನೋಡು, ಆಗ ಅವನ ಹೊಟ್ಟೇನ ಯಾವ ಮೆಷಿನ್ ಅಳೀಬೇಕೋ" ಎಂದಳು.

ಅಕ್ಕನ ಗತಿ ಏನು ಎಂದು ನಾನು ಯಜಮಾನರ ಕೋಣೆಗೇ ನುಗ್ಗಿ ಕೇಳಿದೆ. ಅವರು ಕೂರಿಸಿ ಹೇಳಿದರು. ಯಂತ್ರದ ಪಕ್ಕ ಒಬ್ಬರು ಇರಲೇಬೇಕು. ಅದು ತಳ್ಳಿದ್ದನ್ನೂ ಬಿಟ್ಟದ್ದನ್ನೂ ಆಗಾಗ ತಟ್ಟಿ ನೋಡಬೇಕು. ಆ ಜಾಗ ಅಕ್ಕನಿಗೇ ಎಂದು ಅವರ ಮನಸ್ಸು. ಆದರೆ ತಿರುಪು ಸಾರ್ ಒಂದು ಪರೀಕ್ಷೆ ಇಟ್ಟಿದ್ದ. ಒಂದು ಸಾವಿರ ಜಾಡಿಯನ್ನು ಮೊದಲು ಅಕ್ಕ ತಟ್ಟಿ, ಕಳ್ಳ ಕಂಡರೆ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಬೇಕು. ಅದೇ ಸಾವಿರ ಆಮೇಲೆ ಯಂತ್ರದಡಿ ಹೋಗಬೇಕು. ಎರಡೂ ತಾಳೆಯಾದರೆ ಜಾಗ ಅಕ್ಕನದು. "ಅವಳದು ತಾಳೆ ಆಗದೆ ಇನ್ಯಾರದಾಗುತ್ತೆ ಬಿಡು" ಎಂದರು ಯಜಮಾನರು.

ಅಂದು ಸಂಜೆ ಅಕ್ಕ ಒಲೆಯ ಮುಂದೆ ಕೂತು, ತನ್ನಷ್ಟಕ್ಕೆ ತಾನೇ ಎಂಬಂತೆ ಹೇಳಿದಳು. "ಆ ಜಾಗ ಸಿಕ್ಕಿದ್ರೆ ಸಾಕು ಕಣೇ. ಮನೇಲಿ ಕೂತು ಗೋಡೆ ನೋಡೋಕೆ ನನ್ ಕೈಲಾಗಲ್ಲ. ಬೆಳಿಗ್ಗೆ ಎದ್ದು ಹೋಗೋಕೆ ಒಂದು ಕಡೆ ಇರಬೇಕು, ನಾಲ್ಕು ಜನ ಮುಖ ನೋಡಬೇಕು. ಇಲ್ದಿದ್ರೆ ನಾನು ಬೇಗ ಹೋಗ್ಬಿಡ್ತೀನಿ."

"ಆ ಡಬ್ಬಕ್ಕೆ ನಾಳೆ ಮುಖಭಂಗ ಆಗುತ್ತೆ ನೋಡ್ತಿರು. ನಿನ್ನ ಕಿವಿ ಮುಂದೆ ಅದು ಯಾವ ಲೆಕ್ಕ!" ಎಂದೆ.

"ಬೇಡ್ವೇ. ಅದರ ಪಾಡಿಗೆ ಅದಿರಲಿ, ನನ್ನ ಪಾಡಿಗೆ ನಾನಿರ್ತೀನಿ. ಈಗೆಲ್ಲ ಮುಚ್ಚಳ ಬಿಗಿಯೋದೂ ಮೆಷಿನ್ನೇ. ಸಾವಿರದಲ್ಲಿ ಒಂದು ಕಳ್ಳ ಬಂದ್ರೆ ಹೆಚ್ಚು. ಸುಮ್ನೆ ಮುಗಿದುಹೋಗುತ್ತೆ. ನೀನು ಮಧ್ಯ ಬಾಲ ಬಿಚ್ಚಬೇಡ."

ಅವಳ ದೊಡ್ಡತನ ಎಂದುಕೊಂಡೆ ನಾನು. ಗೆಲ್ಲುವವಳು ಸೋಲುವವನನ್ನು ಕನಿಕರಿಸುವ ಹಾಗೆ. ಆದರೆ ಅವಳ ಮಾತಿನಲ್ಲಿ ಒಂದು ಮಾತ್ರ ನನ್ನ ತಲೆಗೆ ಹೊಕ್ಕಿತು. ಸಾವಿರದಲ್ಲಿ ಒಂದು! ಹಾಗಾದರೆ ಅಕ್ಕನ ಕಿವಿ ಎಂಥದು ಎಂದು ಲೋಕಕ್ಕೆ ಗೊತ್ತಾಗುವುದು ಹೇಗೆ? ಒಂದೂ ಬರದಿದ್ದರೆ? ಆ ಪೆಟ್ಟಿಗೆಯೂ ಅಕ್ಕನೂ ಸರಿಸಮ ಎಂದಾಗಿಬಿಡುವುದಿಲ್ಲವೇ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಪ್ಪತ್ತೇಳು ವರ್ಷದ ವಿದ್ಯೆಗೆ ಮೊನ್ನೆ ಬಂದ ತಗಡು ಸಮವೇ? ನನಗೆ ಮೈ ಉರಿಯಿತು.

ಮರುದಿನ ಬೆಳಿಗ್ಗೆ ಚಹಾದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದಾಗ ನಾನು ಜಾಡಿ ಆರಿಸುವ ಕೋಣೆಗೆ ಹೋದೆ. ಪರೀಕ್ಷೆಯ ಸಾವಿರವೂ ಮರದ ಪೆಟ್ಟಿಗೆಗಳಲ್ಲಿ ಸಾಲಾಗಿ ನಿಂತಿದ್ದವು. ಸೆರಗಿನಲ್ಲಿ ಚಮಚ ಇತ್ತು. ಏಳು ಪೆಟ್ಟಿಗೆಗಳಲ್ಲಿ, ಎಡಮೂಲೆಯ ಒಂದೊಂದೇ ಜಾಡಿ. ಪುಸ್, ಒತ್ತು. ಪುಸ್, ಒತ್ತು. ಅವಸರಕ್ಕೆ ಮೂರರಲ್ಲಿ ಹಿಡಿ ಜಾರಿತು, ಅಂಚಿನಲ್ಲಿ ಸಣ್ಣ ತಗ್ಗು ಬಿತ್ತು. ಯಾರು ನೋಡುತ್ತಾರೆ ಎಂದುಕೊಂಡೆ. ಮುಚ್ಚಳದ ಹೊಟ್ಟೆ ಉಬ್ಬದಂತೆ ಬಹಳ ಸ್ವಲ್ಪ, ಉಸಿರು ಬಿಟ್ಟಷ್ಟು ಗಾಳಿ ಮಾತ್ರ ಬಿಟ್ಟಿದ್ದೆ. ಅಳೆಯುವ ಪೆಟ್ಟಿಗೆಗೆ ಅದು ಸಿಗಬಾರದು, ಅಕ್ಕನ ಕಿವಿಗೆ ಸಿಗಬೇಕು. ಅಷ್ಟು ನಾಜೂಕಾಗಿ ಮಾಡಿದ್ದೆ. ಹೊರಗೆ ಬಂದು ಚಹಾ ಕುಡಿದೆ, ಲೇಬಲ್ ಚಿಕ್ಕಮ್ಮನ ಜೋಕಿಗೆ ನಕ್ಕೆ ಕೂಡ.

ಪರೀಕ್ಷೆಗೆಂದು ಉಳಿದ ಯಂತ್ರಗಳನ್ನೆಲ್ಲ ನಿಲ್ಲಿಸಿದರು. ಅಷ್ಟು ದೊಡ್ಡ ಕಟ್ಟಡ ಅಷ್ಟು ಮೌನವಾಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಹೆಂಗಸರೆಲ್ಲ ಗೋಡೆಗೆ ಒರಗಿ ನಿಂತರು. ನಾನು ಬೆಲ್ಟಿನಿಂದ ಹತ್ತು ಹೆಜ್ಜೆ ದೂರ. ಯಜಮಾನರು, ತಿರುಪು ಸಾರ್ ಕುರ್ಚಿ ಹಾಕಿಕೊಂಡು ಕೂತರು. ಅಕ್ಕ ಒಬ್ಬಳೇ ಬೆಂಚಿನ ಮೇಲೆ, ಬಲಗೈಯಲ್ಲಿ ಕಡ್ಡಿ, ಎಡಗೈಯಲ್ಲಿ ಸೀಮೆಸುಣ್ಣ. ಟಿಣ್, ಟಿಣ್, ಟಿಣ್. ಏನು ಚೆಂದ ಕೂತಿದ್ದಳು! ಬೆನ್ನು ನೆಟ್ಟಗೆ, ಮಣಿಕಟ್ಟು ಮಾತ್ರ ಆಡುತ್ತಿತ್ತು.

ನನ್ನ ಮೊದಲ ಪೆಟ್ಟಿಗೆ ಬಂತು. ಎಡಮೂಲೆಯ ಜಾಡಿ ಬೆಲ್ಟಿಗೆ ಏರಿತು. ಅಕ್ಕ ತಟ್ಟಿದಳು. ಡುಬ್. ಹತ್ತು ಹೆಜ್ಜೆ ದೂರದಲ್ಲಿದ್ದ ನನಗೇ ಕೇಳಿಸಿತು. ಸೀಮೆಸುಣ್ಣ ಏಳಲಿಲ್ಲ. ಅಕ್ಕ ಮುಂದಿನದನ್ನು ತಟ್ಟಿದಳು, ಅದರ ಮುಂದಿನದನ್ನು ತಟ್ಟಿದಳು.

ಕೈ ತಪ್ಪಿರಬೇಕು ಎಂದುಕೊಂಡೆ. ಎರಡನೆಯದು ಬಂತು. ಡುಬ್. ಅಕ್ಕನ ಮುಖದಲ್ಲಿ ಏನೂ ಇಲ್ಲ. ಮೂರನೆಯದನ್ನು ತಟ್ಟಿದ ಮೇಲೆ ಮಾತ್ರ ಅವಳ ಕೈ ನಿಂತಿತು. ಬಗ್ಗಿ ಮುಚ್ಚಳದ ಅಂಚನ್ನು ನೋಡಿದಳು. ಹೆಬ್ಬೆರಳಿನಿಂದ ಒಮ್ಮೆ ಸವರಿದಳು. ಗೀಟು ಹಾಕಿದಳು. ಆಮೇಲೆ ತಲೆಯೆತ್ತಿ, ಸಾಲಾಗಿ ನಿಂತ ಹೆಂಗಸರ ನಡುವೆ ನನ್ನನ್ನು ಹುಡುಕಿ, ನೋಡಿದಳು. ಹಿಡಿದೆ ನೋಡು ಎನ್ನುತ್ತಿದ್ದಾಳೆ ಎಂದುಕೊಂಡು ಪಾಪಿ ನಾನು ನಕ್ಕೆ.

ಅಲ್ಲಿಂದ ಮುಂದೆ ಅವಳು ತಟ್ಟುವುದಕ್ಕಿಂತ ಬಗ್ಗಿ ನೋಡುವುದೇ ಹೆಚ್ಚಾಯಿತು. ಕಣ್ಣು ಕಿರಿದು ಮಾಡಿ ಪ್ರತಿ ಅಂಚನ್ನೂ ನೋಡುತ್ತಿದ್ದಳು. ಹಣೆಯಲ್ಲಿ ಬೆವರು ಇಳಿಯಿತು. ತಗ್ಗು ಬಿದ್ದ ಇನ್ನೆರಡನ್ನು ಹಿಡಿದಳು. ನಾನು ನಾಜೂಕಾಗಿ, ಗುರುತು ಉಳಿಯದಂತೆ ಮಾಡಿದ್ದ ನಾಲ್ಕೂ ಅವಳ ಕಡ್ಡಿಯ ಕೆಳಗೆ ಡುಬ್ ಎಂದು ಕೂಗಿ, ಅವಳನ್ನು ದಾಟಿ ಹೋದವು.

ನನಗೆ ಆಗ ಒಂದೊಂದಾಗಿ ಹೊಳೆಯತೊಡಗಿತು. ಯಾರೇ ಮಾತಾಡಿಸಿದರೂ ಅವಳು ಮುಖವನ್ನೇ ನೋಡುತ್ತಿದ್ದುದು, ಎಲ್ಲದಕ್ಕೂ ಮೊದಲು ನಗುತ್ತಿದ್ದುದು, ಕೆಲಸ ಮುಗಿಯುವ ಗಂಟೆ ಹೊಡೆದಾಗ ನಾನು ಎದ್ದ ಮೇಲೇ ಏಳುತ್ತಿದ್ದುದು. ಎರಡು ವರ್ಷದಿಂದ ಅವಳು ಒಂದೂ ಕಳ್ಳ ಜಾಡಿ ಹಿಡಿಯದೇ ಇದ್ದುದು ನನ್ನ ಕಿವಿ ಬೆಳೆದದ್ದರಿಂದಲ್ಲ. ಅವಳದು ಹೋಗಿತ್ತು. ನಾನು ಮೊದಲು ತಟ್ಟಿ ಎಲ್ಲವನ್ನೂ ಹಿಡಿಯುತ್ತಿದ್ದುದರಿಂದ ಅದು ಯಾರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಸಾವಿರದಲ್ಲಿ ಒಂದು ಬಂದರೆ ಹೆಚ್ಚು ಎಂದು ಅವಳು ಹೇಳಿದ್ದು ದೊಡ್ಡತನವಲ್ಲ, ಅದು ಅವಳ ಆಸೆ. ಆ ಆಸೆಗೆ ಮಣ್ಣು ಹಾಕಿದವಳು ನಾನು.

ಅಕ್ಕ ಸಾವಿರ ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಯಂತ್ರಕ್ಕೆ ಐದು ನಿಮಿಷ. ಆ ಕೈ ಪಕ್ಕದಿಂದ ಬಂದು ಎಂಟು ಸಲ ತಳ್ಳಿತು. ನನ್ನ ಏಳು, ಮತ್ತೊಂದು ಯಾರೂ ಮುಟ್ಟದೆ ತಾನಾಗಿಯೇ ಕೆಟ್ಟ ಹುಟ್ಟುಗಳ್ಳ. ನನ್ನ ನಾಜೂಕೆಲ್ಲ ಅದಕ್ಕೆ ಯಾವ ಮೂಲೆಗೂ ಸಾಲಲಿಲ್ಲ. ಎಂಟರಲ್ಲಿ ಮೂರರ ಮೇಲೆ ಸೀಮೆಸುಣ್ಣದ ಗೀಟು ಇತ್ತು.

ಯಜಮಾನರ ಮುಖ ಸಣ್ಣಗಾಯಿತು. ತಿರುಪು ಸಾರ್ ಬಾಯಿಂದ ತಿರುಪು ತೆಗೆದು ಜೇಬಿಗೆ ಹಾಕಿಕೊಂಡ. "ಮೆಷಿನ್ನೇ ತಪ್ಪು ಮಾಡಿರಬಹುದು" ಎಂದು ಅವನೇ ಮೆಲ್ಲಗೆ ಹೇಳಿದ. ಒಳ್ಳೆಯ ಹುಡುಗ. ಯಜಮಾನರು ನನ್ನನ್ನು ಕರೆದರು. "ಪಟಾಕಿ, ನೀನು ಬಾಮ್ಮ. ಈ ಐದನ್ನ ನೀನು ತಟ್ಟಿ ಹೇಳು."

ಇಂಥ ಗತಿ ಶತ್ರುವಿಗೂ ಬೇಡ. ಕಡ್ಡಿ ತೆಗೆದುಕೊಂಡೆ. ಅಕ್ಕ ಪಕ್ಕದಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದಳು. ತಟ್ಟಿದೆ. ಡುಬ್. ಸರಿಯಾಗಿದೆ ಎನ್ನಬೇಕೆಂದು ನಾಲಿಗೆಯ ತುದಿಯವರೆಗೆ ಬಂತು. ಆದರೆ ಸರಿಯಾಗಿದೆ ಎಂದರೆ ಆ ಜಾಡಿ ಲೇಬಲ್ ಹಚ್ಚಿಕೊಂಡು ಯಾವುದೋ ಶಾಲೆಗೆ ಹೋಗುತ್ತದೆ. ಅಕ್ಕನನ್ನು ನೋಡಿದೆ. ಅವಳು ಬಹಳ ಸಣ್ಣಗೆ ತಲೆ ಆಡಿಸಿದಳು, ಹೇಳು ಎನ್ನುವಂತೆ.

"ಕಳ್ಳ" ಎಂದೆ. ಐದು ಸಲ ಹೇಳಿದೆ. ನಾನು ಮೆಲ್ಲಗೆ ಮಾತಾಡಿದ್ದನ್ನು ಕಾರ್ಖಾನೆ ಅಂದು ಮೊದಲ ಸಲ ಕೇಳಿತು.

ಯಜಮಾನರು ಅಕ್ಕನ ಎರಡೂ ಕೈ ಹಿಡಿದುಕೊಂಡು ಏನೇನೋ ಹೇಳಿದರು. ನಿಮ್ಮಿಂದ ಈ ಕಾರ್ಖಾನೆಗೆ ಒಳ್ಳೆ ಹೆಸರು ಬಂತು, ಇನ್ನು ಆರಾಮ ಮಾಡಿ, ಆಗಾಗ ಬಂದು ಹೋಗಿ ಎಂದು. ಅಕ್ಕ ಅವರ ತುಟಿಯನ್ನು ನೋಡುತ್ತಾ ನಕ್ಕಳು. ಆಮೇಲೆ ಯಜಮಾನರು ನನ್ನ ಕಡೆ ತಿರುಗಿ, ನಾಳೆಯಿಂದ ಯಂತ್ರದ ಪಕ್ಕದ ಜಾಗ ನಿನ್ನದು ಎಂದರು. ಯಂತ್ರವನ್ನು ಆಗಲೇ ಸಾಲಿಗೆ ಸೇರಿಸಿದ್ದರು. ಕಟ್ಟೆ ಕಟ್ಟಿದ್ದ ಜಾಡಿಗಳು ಸಲೀಸಾಗಿ ಹರಿದು ಹೋಗುತ್ತಿದ್ದವು. ಕಾಯುತ್ತಿದ್ದ ಲಾರಿಗಳು ಮಧ್ಯಾಹ್ನದೊಳಗೆ ತುಂಬಿ ಹೊರಟವು. ಹೆಂಗಸರು ಬಾಯಿಬಿಟ್ಟು ನೋಡಿದರು.

ಮನೆಗೆ ಬಂದು ಅಕ್ಕ ಕೈಕಾಲು ತೊಳೆದು, ಕಿಟಕಿಯ ಪಕ್ಕ ನಿಂತು ಆಲೂಗಡ್ಡೆ ಹೆಚ್ಚತೊಡಗಿದಳು. ನನಗೆ ಬೆನ್ನು ಮಾಡಿದ್ದಳು. ಮುಖ ನೋಡಿ ಹೇಳುವ ಧೈರ್ಯ ನನಗೆ ಹೇಗೂ ಇರಲಿಲ್ಲ.

"ಅಕ್ಕ, ಆ ಜಾಡಿಗಳನ್ನ ನಾನೇ ಕೆಡಿಸಿದ್ದು" ಎಂದೆ.

ಚಾಕು ಅದರ ಪಾಡಿಗೆ ಆಡುತ್ತಿತ್ತು. ಇನ್ನೊಂದು ಸಲ ಹೇಳಿದೆ, ಸ್ವಲ್ಪ ಜೋರಾಗಿ. ಅವಳು ಹೋಳುಗಳನ್ನು ನೀರಿಗೆ ಹಾಕಿದಳು. ಇಂಥ ಮಾತನ್ನು ಎಷ್ಟು ಸಲ ಹೇಳುವುದು? ನನಗೆ ತಡೆಯಲಾಗಲಿಲ್ಲ. "ನಾನೇ ಅಕ್ಕಾ! ಏಳೂ ಜಾಡಿ ನಾನೇ ಕೆಡಿಸಿದ್ದು! ಚಮಚ ಹಾಕಿ ಮೀಟಿದ್ದು ನಾನೇ!" ಎಂದು ಕಿರುಚಿದೆ. ಪಕ್ಕದ ಮನೆಯ ಕಿಟಕಿಯಲ್ಲಿ ಲೇಬಲ್ ಚಿಕ್ಕಮ್ಮನ ತಲೆ ಕಾಣಿಸಿತು. ನನ್ನ ಮುಖ ನೋಡಿದಳು, ಕಿಟಕಿ ಎಳೆದುಕೊಂಡಳು. ಆ ಮಾತು ಇಂದಿನವರೆಗೂ ಅವಳ ಬಾಯಿಂದ ಹೊರಗೆ ಬಿದ್ದಿಲ್ಲ.

ಅಕ್ಕ ತಿರುಗಿದಳು. "ಕೂಗ್ಬೇಡ್ವೇ. ನಂಗೆ ಗೊತ್ತು" ಎಂದಳು.

"ಏನು ಗೊತ್ತು?"

"ಮೂರನೇದರ ಅಂಚು ನೋಡ್ದಾಗ್ಲೇ ಗೊತ್ತಾಯ್ತು. ಆ ತರ ತಗ್ಗು ಬೀಳಿಸೋ ಕೈ ಇನ್ಯಾರದಿದೆ? ಅವತ್ತಿಂದ ಬಡ್ಕೋತಿದೀನಿ, ಹಿಡಿ ಜಾರಿಸ್ಬೇಡ, ಜಾರಿಸ್ಬೇಡ ಅಂತ."

"ಮತ್ಯಾಕೆ ಸುಮ್ನಿದ್ದೆ? ಯಾರೋ ಮುಚ್ಚಳ ಮುಟ್ಟಿದಾರೆ, ಈ ಪರೀಕ್ಷೆ ಲೆಕ್ಕಕ್ಕಿಲ್ಲ ಅಂದಿದ್ರೆ ನಿನ್ನ ಜಾಗ ಉಳೀತಿತ್ತು!" ಇದನ್ನೂ ಕೂಗಿಯೇ ಹೇಳಬೇಕಾಯಿತು.

"ನಿನ್ನನ್ನ ಸಂಜೆಯೊಳಗೆ ಮನೆಗೆ ಕಳಿಸ್ತಿದ್ರು. ಆ ಬಾಯಿ ಇಟ್ಕೊಂಡು ನಿನಗೆ ಇನ್ಯಾರು ಕೆಲಸ ಕೊಡ್ತಾರೆ?" ಎಂದಳು. ನಗಿಸಲು ನೋಡಿದಳು. ನಾನು ನೆಲದ ಮೇಲೆ ಕೂತೆ. ನನಗೆ ಜೋರಾಗಿ ಅಳು ಬಂತು.

"ಕೇಳಿಸಲ್ಲ ಅಂತ ನಂಗ್ಯಾಕೆ ಹೇಳ್ಲಿಲ್ಲ ನೀನು?"

ಅಕ್ಕ ನನ್ನ ಎದುರು ಬಂದು ಕೂತಳು. "ನಿಂಗೇ ಗೊತ್ತಾಗ್ಲಿ ಅಂತ ಎರಡು ವರ್ಷ ಕಾದೆ. ಪಕ್ಕದಲ್ಲೇ ಕೂತಿದ್ದೆ. ನೀನು ಮಾತಾಡೋದ್ರಲ್ಲೇ ಇದ್ದೆ" ಎಂದಳು. ಬೈಯಲಿಲ್ಲ. ಹೊರಗೆ ಬಿಸಿಲಿದೆ ಎನ್ನುವಷ್ಟೇ ಸಹಜವಾಗಿ ಹೇಳಿದಳು.

ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಅದು ಅವಳಿಗೆ ಕೇಳಿಸುತ್ತಿಲ್ಲ ಎಂದು ನನಗೆ ಆಗ ಹೊಳೆದು, ಎದ್ದು ಒಲೆ ಸಣ್ಣ ಮಾಡಿದೆ. ವಾಪಸು ಬಂದು ಕೂತಾಗ ಅಕ್ಕ ನನ್ನ ಕೈ ಹಿಡಿದುಕೊಂಡಳು.

"ಜಾಗ ಹೋಗಿದ್ದಕ್ಕಲ್ಲ ಕಣೇ. ಒಂದು ವಿಷಯ ನನ್ನನ್ನ ತಿಂತಾ ಇದೆ. ಹೋದ ವರ್ಷ ನಿಂಗೆ ಜ್ವರ ಬಂದು ಎಂಟು ದಿನ ಮಲಗಿದ್ಯಲ್ಲ? ಆ ಎಂಟು ದಿನ ಬೆಂಚಲ್ಲಿ ನಾನೊಬ್ಳೇ ಇದ್ದೆ. ಆಗ್ಲೂ ನಂಗೆ ಹೀಗೇ. ಕೇಳಿಸಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು. ಕಣ್ಣಲ್ಲೇ ನೋಡಿ ನೋಡಿ ಬಿಟ್ಟೆ. ಇವತ್ತು ಗೊತ್ತಾಯ್ತು, ಕಣ್ಣಿಗೆ ಅದು ಸಿಗಲ್ಲ. ನೀನು ನಾಳೆಯಿಂದ ಆ ಮೆಷಿನ್ ಪಕ್ಕ ಕೂತ್ಕೋತೀಯ, ಅದು ಬಿಡಲ್ಲ, ಇನ್ಮೇಲೆ ಯಾರಿಗೂ ಏನೂ ಆಗಲ್ಲ. ಆದ್ರೆ ಆ ಎಂಟು ದಿನ? ಹೇಳು, ಆ ಎಂಟು ದಿನದಲ್ಲಿ ನನ್ನ ಕೈ ದಾಟಿ ಎಷ್ಟು ಹೋಗಿರಬಹುದು?"

ಆ ಜ್ವರ ಬಿಟ್ಟು ನಾನು ಕೆಲಸಕ್ಕೆ ಹೋದ ತಿಂಗಳೇ ಎರಡು ಪೆಟ್ಟಿಗೆ ಸರಕು ವಾಪಸು ಬಂದಿತ್ತು. ಗೋದಾಮಿನಲ್ಲಿ ನನ್ನ ಕಣ್ಣಾರೆ ಕಂಡಿದ್ದೆ, ಒಂದೆರಡು ಜಾಡಿಗಳ ಮುಚ್ಚಳಗಳು ಉಬ್ಬಿ ಗೋಪುರವಾಗಿದ್ದವು. ಲಾರಿಯವನು ಎತ್ತಿಹಾಕಿದ್ದಾನೆ ಎಂದು ಅವನಿಗೆ ಬಾಯಿಗೆ ಬಂದಂತೆ ಬೈದವಳೂ ನಾನೇ. ಅಕ್ಕನಿಗೆ ಆ ಸುದ್ದಿ ಮುಟ್ಟಿರಲಿಲ್ಲ. ವಾಪಸು ಬಂದದ್ದು ಎರಡು ಪೆ‍ಟ್ಟಿಗೆ. ವಾಪಸು ಬರದೆ, ಯಾರದೋ ಅಡಿಗೆಮನೆಯಲ್ಲಿ, ಯಾರದೋ ಮಕ್ಕಳ ತಟ್ಟೆಗೆ ಬಿದ್ದದ್ದು ಎಷ್ಟು ಎಂದು ಯಾರು ಹೇಳಬೇಕು?

"ಒಂದೂ ಹೋಗಿಲ್ಲ ಅಕ್ಕ" ಎಂದೆ. ನೆಲ ನೋಡುತ್ತಾ ಮೆಲ್ಲಗೆ ಹೇಳಿದ್ದೆ.

"ಏನಂದೆ?" ಅವಳು ಮುಂದಕ್ಕೆ ಬಗ್ಗಿದಳು.

"ಒಂದೂ ಹೋಗಿಲ್ಲ!" ಎಂದು ಕೂಗಿದೆ. "ಒಂದಾದ್ರೂ ಹೋಗಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ! ಒಂದೂ ಹೋಗಿಲ್ಲ ಅಕ್ಕಾ!"

ಅವಳು ನನ್ನ ಕಣ್ಣನ್ನು ನೋಡಲಿಲ್ಲ, ತುಟಿಯನ್ನೇ ನೋಡುತ್ತಿದ್ದಳು. "ಇನ್ನೊಂದ್ಸಲ ಹೇಳು" ಎಂದಳು.

ಹೇಳಿದೆ.